ಅಕ್ಕಿಗೆ ರೆಕ್ಕೆ ಕಟ್ಟಿದವರು

ನಾಲ್ಕೂರು ಬಳಗದ ಜಾಲತಾಣವನ್ನು ಇವತ್ತು ತೆರೆದು ನೋಡಿದರೆ ಅದನ್ನು ಕಟ್ಟಿದವಳ ಹೆಸರು ಎಲ್ಲೂ ಸಿಗುವುದಿಲ್ಲ. ಅಧ್ಯಕ್ಷರ ಫೋಟೊ ಇದೆ, ದಾನಿಗಳ ಫೋಟೊ ಇದೆ, ಉದ್ಘಾಟನೆಯ ದಿನ ದೀಪ ಹಚ್ಚಿದವರ ಫೋಟೊ ಕೂಡ ಇದೆ. ಕವನಾ ಇಲ್ಲ. ಆದ್ದರಿಂದ ಅವಳ ಬಗ್ಗೆ ನಾನು ಬರೆಯಬೇಕಾಗಿದೆ.

ಕವನಾ ಗೊರೂರಿನ ಹತ್ತಿರದ ಹಳ್ಳಿಯವಳು. ತಂದೆ ಬೈರಯ್ಯ ಕೂಲಿಗೆ ಹೋಗುತ್ತಾರೆ, ನಾಲೆಯಲ್ಲಿ ನೀರು ಬಿಟ್ಟಾಗ ಗುತ್ತಿಗೆಗೆ ಸ್ವಲ್ಪ ಗದ್ದೆ ಮಾಡುತ್ತಾರೆ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸಾಕಿದ್ದು ಅಜ್ಜಿ ಸಣ್ಣಕ್ಕ. ಹೊಳೆನರಸೀಪುರದ ಕಾಲೇಜಿನಲ್ಲಿ ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಮುಗಿಸಿದೆವು. ಇಬ್ಬರ ಮನೆಯಲ್ಲೂ ಡಿಗ್ರಿ ಅನ್ನುವುದು ಅದೇ ಮೊದಲು. ನಾನು ನುಗ್ಗೇಹಳ್ಳಿ ಹತ್ತಿರದ ನಮ್ಮೂರಿಗೆ ಮರಳಿ ಶಾಲೆಯೊಂದರಲ್ಲಿ ಪಾಠ ಮಾಡತೊಡಗಿದೆ. ಅವಳು ಹೊಳೆನರಸೀಪುರದಲ್ಲೇ ಉಳಿದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಳು.

ಅಲ್ಲಿ ಅವಳ ಕೆಲಸ ಪಹಣಿ ತೆಗೆದುಕೊಡುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಕಾರ್ಡುಗಳಲ್ಲಿ ತಪ್ಪಾದ ಹೆಸರು ಸರಿಪಡಿಸುವುದು. ಹೆಸರಿನ ಒಂದು ಅಕ್ಷರ ಆಚೀಚೆಯಾಗಿ ಪಿಂಚಣಿ ನಿಂತುಹೋದ ಮುದುಕಿಯರನ್ನು ಅವಳು ದಿನವೂ ನೋಡುತ್ತಾಳೆ. ಹಾಗಾಗಿ ಬಟನ್ ಒತ್ತುವ ಮೊದಲು ಟೈಪ್ ಮಾಡಿದ್ದನ್ನು ಎದುರಿಗಿದ್ದವರಿಗೆ ಓದಿ ಹೇಳುತ್ತಾಳೆ. ‘ಕೇಳುಸ್ಕಳಿ, ನೀವ್ ಯೋಳಿದ್ದು ಇದೇನಾ?’ ಸೆಂಟರಿನ ಮಾಲೀಕರಿಗೆ ಇದು ತಡ ಅನ್ನಿಸುತ್ತದೆ. ಜನ ಮಾತ್ರ ಅವಳ ಕುರ್ಚಿಯ ಮುಂದೆಯೇ ಸಾಲು ನಿಲ್ಲುತ್ತಾರೆ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕಡೆಯ ಮಾತಿನ ವಿಷಯ ಹೇಳಬೇಕು. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಜಿಲ್ಲೆಯ ಹೆಸರೇ ಬಸ್ಸಿನ ಬಾಗಿಲಲ್ಲಿ ‘ಆಸ್ನ, ಆಸ್ನ’ ಆಗುತ್ತದೆ. ಹೊಳೆನರಸೀಪುರ ‘ಒಳೇನರ್ಸೀಪುರ’ ಆಗುತ್ತದೆ. ಹಾಲು ಆಲು, ಹಬ್ಬ ಅಬ್ಬ, ಹಕ್ಕಿ ಅಕ್ಕಿ. ತಿನ್ನುವ ಅಕ್ಕಿಯೂ ಅಕ್ಕಿಯೇ. ಯಾವುದು ಯಾವುದೆಂದು ಕೇಳುವವರಿಗೆ ತಾನಾಗಿ ತಿಳಿಯುತ್ತದೆ, ಇದುವರೆಗೆ ಯಾರೂ ಹಕ್ಕಿಯನ್ನು ನೆನೆಹಾಕಿ ದೋಸೆ ಹಿಟ್ಟು ರುಬ್ಬಿಲ್ಲ. ಇದು ಒಂದು ಜಾತಿಯ ನಾಲಿಗೆಯೂ ಅಲ್ಲ, ತೋಟವಿದ್ದವರೂ ಇಲ್ಲದವರೂ ಹೀಗೇ ಆಡುತ್ತಾರೆ. ಆದರೆ ಇದಕ್ಕಾಗಿ ಅವಮಾನ ಪಡುವವರು ಎಲ್ಲರೂ ಅಲ್ಲ. ಹೈಸ್ಕೂಲಿನಲ್ಲಿ ‘ಆಲು’ ಅಂದದ್ದಕ್ಕೆ ಕವನಾಳನ್ನು ಬೆಂಚಿನ ಮೇಲೆ ನಿಲ್ಲಿಸಿ ತರಗತಿ ಮುಗಿಯುವವರೆಗೆ ‘ಹಾಲು, ಹಾಲು’ ಅನ್ನಿಸಿದ ಮೇಷ್ಟ್ರು, ಅದನ್ನೇ ಅಂದ ಊರಿನ ದೊಡ್ಡಮನೆಯ ಹುಡುಗನಿಗೆ ‘ನೋಡ್ಕಂಡು ಓದಪ್ಪ’ ಎಂದು ಕೂರಿಸಿದ್ದರಂತೆ. ಕವನಾ ಇದನ್ನು ನನಗೆ ನಗುತ್ತಲೇ ಹೇಳಿದ್ದಳು. ನನಗೆ ನಗು ಬಂದಿರಲಿಲ್ಲ.

ನಾಲ್ಕೂರು ಬಳಗ ಎಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬರೆಯುವವರು ಸೇರಿ ಮಾಡಿಕೊಂಡ ಗುಂಪು. ನಾನೂ ಅದರಲ್ಲಿದ್ದೆ. ಚನ್ನರಾಯಪಟ್ಟಣದ ಷಡಕ್ಷರಿಯವರು ಅಧ್ಯಕ್ಷರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಶಿಷ್ಯ, ಹಾಸನದ ರಜನೀಶ್, ಕಾರ್ಯದರ್ಶಿ. ಬಳಗಕ್ಕೆ ಒಂದು ಬಿಟ್ಟಿ ಬ್ಲಾಗ್ ಇತ್ತು. ಅದರ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವುದು, ಮತ್ತೊಬ್ಬರು ಅಳಿಸುವುದು, ಕೇಳಿದರೆ ‘ನಾನಲ್ಲ’ ಅನ್ನುವುದು. ಅರಕಲಗೂಡಿನ ಸದಸ್ಯರೊಬ್ಬರ ಇಡೀ ಲೇಖನವೇ ಮಾಯವಾದ ಮೇಲೆ ಹಾಸನದಲ್ಲಿ ಸಭೆ ಸೇರಿತು. ಸೆಂಟರಿನಲ್ಲಿ ಕೆಲಸ ಮಾಡುವ ಗೆಳತಿ ಇದ್ದಾಳೆ, ಏನಾದರೂ ದಾರಿ ಹೇಳಬಹುದು ಎಂದು ನಾನು ಕವನಾಳನ್ನು ಕರೆದುಕೊಂಡು ಹೋದೆ.

‘ಬೀಗದ ಕೈ ಒಂದೇ ಇಟ್ಕಂಡು ಅತ್ತು ಜನ ಮನೆಗೆ ಓಡಾಡಿದ್ರೆ ಇಂಗೇ ಆಗೋದು ಸಾ,’ ಎಂದಳು ಕವನಾ.

‘ಹಾಗಾದ್ರೆ ಹತ್ತು ಬೀಗ ಹಾಕೋದಾ?’ ರಜನೀಶ್ ಕೇಳಿದ.

‘ಬೀಗನೇ ಬ್ಯಾಡ. ಯಾರ್ ಬಂದ್ರು, ಏನಿಟ್ರು, ಏನ್ ತಗಂಡೋದ್ರು ಅಂತ ಎಲ್ಲಾರ್ಗೂ ಕಾಣಂಗಿದ್ರೆ ಸಾಕು.’

ಅವಳು ಹೇಳಿದ್ದು ಗಿಟ್ ಎಂಬ ತಂತ್ರಾಂಶದ ವಿಷಯ. ಕಂಪ್ಯೂಟರ್ ಕಂಪನಿಗಳಲ್ಲಿ ಹಲವರು ಕೂಡಿ ಒಂದೇ ಕೆಲಸ ಮಾಡುವಾಗ ಅದನ್ನು ಬಳಸುತ್ತಾರೆ. ಬರಹದಲ್ಲಿ ಒಂದು ಅಕ್ಷರ ಬದಲಾದರೂ ಯಾರು ಬದಲಾಯಿಸಿದರು, ಮೊದಲು ಏನಿತ್ತು, ಆಮೇಲೆ ಏನಾಯಿತು ಎಂಬುದನ್ನು ಅದು ಇಟ್ಟುಕೊಳ್ಳುತ್ತದೆ. ಬೇಕೆಂದಾಗ ಹಿಂದಿನ ರೂಪಕ್ಕೆ ಮರಳಬಹುದು. ಬದಲಾವಣೆಯನ್ನು ಸೇರಿಸುವುದಕ್ಕೆ ಇಂಗ್ಲಿಷಿನಲ್ಲಿ ಕಮಿಟ್ ಅನ್ನುತ್ತಾರೆ. ಕವನಾ ಅದನ್ನು ‘ಒಪ್ಪಿಸು’ ಎಂದಳು, ಮಕ್ಕಳು ಪಾಠ ಒಪ್ಪಿಸುವ ಹಾಗೆ. ಎಲ್ಲರೂ ನೋಡುವ ಬರಹ ಮೂಲ ಕವಲು. ತಿದ್ದುವವರು ತಮ್ಮದೇ ಬೇರೆ ಕವಲು ಮಾಡಿಕೊಂಡು ತಿದ್ದಬೇಕು, ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಅದು ಮೂಲಕ್ಕೆ ಸೇರಬೇಕು. ನಾಲೆ ಕಂಡವರಿಗೆ ಕವಲು ಅಂದರೆ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಒಪ್ಪಿಸು. ಒಳ್ಳೆಯ ಪದ,’ ಎಂದು ಷಡಕ್ಷರಿಯವರು ಆ ದಿನ ನಿಜವಾಗಿ ಸಂತೋಷಪಟ್ಟರು. ‘ನೋಡಪ್ಪ ರಜನೀಶ, ಹುಡುಗಿ ಕನ್ನಡದಲ್ಲಿ ಯೋಚನೆ ಮಾಡ್ತಾಳೆ.’

ಆಮೇಲೆ ಭಾನುವಾರಗಳೆಲ್ಲ ಅದಕ್ಕೇ ಹೋದವು. ಹಳೆಯ ಬ್ಲಾಗಿನಿಂದ ಬರಹಗಳನ್ನು ಒಂದೊಂದಾಗಿ ತೆಗೆದಳು. ಒತ್ತಕ್ಷರ ಒಡೆಯದ ಫಾಂಟನ್ನು ಹುಡುಕಿದಳು. ನೆಟ್‌ವರ್ಕ್ ಕುಂಟುವ ಊರುಗಳಲ್ಲೂ ಪುಟ ಬೇಗ ತೆರೆಯಲೆಂದು ಚಿತ್ರಗಳನ್ನು ಹಗುರ ಮಾಡಿದಳು. ಸದಸ್ಯರ ಮನೆಗಳಿಗೆ ಬಸ್ಸಿನಲ್ಲಿ ಹೋಗಿ ಅವರವರ ಕಂಪ್ಯೂಟರಿನಲ್ಲಿ ಅವರವರ ಹೆಸರನ್ನೇ ಹೂಡಿಕೊಟ್ಟಳು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಪ್ಪಿಸಬಾರದು ಎಂದು ನನಗೇ ಎಷ್ಟು ಸಲ ಹೇಳಿದ್ದಳೋ. ಇದಕ್ಕೆ ಅವಳು ಏನೂ ಕೇಳಲಿಲ್ಲ. ಕೇಳಿದ್ದು ಒಂದೇ, ತನ್ನ ಅಜ್ಜಿಯ ಮಾತಿಗೆ ಒಂದು ಪುಟ.

ಸಣ್ಣಕ್ಕನಿಗೆ ಓದು ಬರಹ ಬಾರದು. ಹರೆಯದಲ್ಲಿ ಗೊರೂರಿನ ಅಣೆಕಟ್ಟೆಯ ಕೆಲಸದಲ್ಲಿ ಮಣ್ಣು ಹೊತ್ತವರು. ಮಾತಿಗೆ ಕೂತರೆ ಕೇಳುವವರು ಏಳುವುದಿಲ್ಲ. ಕವನಾ ಅದನ್ನು ಫೋನಿನಲ್ಲಿ ಹಿಡಿದು, ಆಮೇಲೆ ಕೇಳಿ ಕೇಳಿ, ಒಂದು ಅಕ್ಷರವನ್ನೂ ಕದಲಿಸದೆ ಬರೆದಳು. ಮೊದಲಿಗೆ ಬರಹದ ಕನ್ನಡದಲ್ಲಿ ಒಂದು ಪರಿಚಯ, ಆಮೇಲೆ ಸಣ್ಣಕ್ಕ ಆಡಿದ ಹಾಗೇ ಮಾತು. ಅದರ ಒಂದು ಭಾಗ ಹೀಗಿತ್ತು:

‘ಡ್ಯಾಮ್ ಕಟ್ಟಕ್ ಮುಂಚೆ ನಮ್ಮಟ್ಟೀಲಿ ಅಕ್ಕಿ ಕಾಣ್ಬೇಕಾದ್ರೆ ಅಬ್ಬ ಬರ್ಬೇಕಿತ್ತು. ದೊಡ್ಮನೆ ಅಂಗ್ಳದ ತುಂಬ ಅಕ್ಕಿ ಅರ್ಡಿರೋದು. ನಾವ್ ಐಕ್ಳು ಬೇಲಿ ಆಚೆ ನಿಂತ್ಕಂಡ್ ನೋಡ್ತಿದ್ವಿ. ಅತ್ರ ಓದ್ರೆ ಬೈಯೋರು. ನಾಲೆ ನೀರ್ ಬಂದ್ ಮ್ಯಾಲೆ ನಮ್ಮಟ್ಟಿಗೂ ಅಕ್ಕಿ ಬಂತು.’

ಇದನ್ನು ಓದಿಸಿಕೊಂಡು ಕೇಳಿದ ದಿನ ಸಣ್ಣಕ್ಕ ತುಂಬ ಹೊತ್ತು ಆ ಫೋನನ್ನೇ ನೋಡುತ್ತಿದ್ದರಂತೆ. ‘ನಾನ್ ಆಡಿದ್ದು ಇದ್ರೊಳಗೆ ಅಂಗೇ ಕುಂತೈತಲ್ಲವ್ವ,’ ಎಂದರಂತೆ. ಅಲ್ಲಿಂದ ಮುಂದೆ ಕವನಾ ಊರಿಗೆ ಹೋದಾಗಲೆಲ್ಲ ಅವರೇ ಕರೆದು ಕೂರಿಸಿಕೊಂಡು ಹೇಳತೊಡಗಿದರು.

ಕೆಟ್ಟದ್ದು ಶುರುವಾದದ್ದು ಒಂದು ಎಮ್ಮೆಯಿಂದ. ಅರಕಲಗೂಡಿನ ಒಬ್ಬರು ತಮ್ಮ ಮೇಷ್ಟ್ರ ಬಗ್ಗೆ ಬರೆಯುತ್ತ ‘ನಮ್ಮೂರಿನ ಎಮ್ಮೆಯ ಮೇಷ್ಟ್ರು’ ಎಂದುಬಿಟ್ಟಿದ್ದರು. ಹೆಮ್ಮೆ ಅನ್ನಬೇಕಿತ್ತು, ಕೈ ಬಾಯಿಯ ಹಿಂದೆ ಹೋಗಿತ್ತು. ಮೇಷ್ಟ್ರ ಮಗ ಫೋನ್ ಮಾಡಿ ಷಡಕ್ಷರಿಯವರಿಗೆ ಚೆನ್ನಾಗಿ ಬೈದ. ಷಡಕ್ಷರಿಯವರು ಅದೇ ಸಂಜೆ ‘ತಪ್ಪು–ಒಪ್ಪು’ ಎಂದು ಎರಡು ಸಾಲು ಮಾಡಿ ಬರೆದರು. ಎಮ್ಮೆ ತಪ್ಪು, ಹೆಮ್ಮೆ ಒಪ್ಪು. ಆಸನ ತಪ್ಪು, ಹಾಸನ ಒಪ್ಪು. ಅಕ್ಕಿ ತಪ್ಪು, ಹಕ್ಕಿ ಒಪ್ಪು. ರಜನೀಶನಿಗೆ ಕಳಿಸಿ, ಜಾಲತಾಣದಲ್ಲಿ ಇವೆಲ್ಲವನ್ನೂ ಸರಿಪಡಿಸು ಎಂದರು.

ರಜನೀಶ್ ಒಂದೊಂದನ್ನೂ ಓದಿ ತಿದ್ದಬಹುದಿತ್ತು. ಬದಲಿಗೆ ಹುಡುಕಿ ಬದಲಿಸುವ ಆಜ್ಞೆ ಕೊಟ್ಟು ಇಡೀ ಜಾಲತಾಣದ ಮೇಲೆ ಒಮ್ಮೆಗೇ ಓಡಿಸಿದ. ಕಾರ್ಯದರ್ಶಿ ಎಂದು ಅವನಿಗೆ ಎಲ್ಲ ಅಧಿಕಾರ ಇತ್ತು, ಯಾರ ಒಪ್ಪಿಗೆಗೂ ಕಾಯದೆ ಮೂಲ ಕವಲಿಗೇ ಸೇರಿಸಿದ. ಒಪ್ಪಿಸುವಾಗ ಟಿಪ್ಪಣಿ ಬರೆಯಬೇಕಲ್ಲ, ಅಲ್ಲಿ ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಬರೆದ.

ಬೆಳಗಾಗುವಷ್ಟರಲ್ಲಿ ಹೈನುಗಾರಿಕೆಯ ಲೇಖನದಲ್ಲಿ ರೈತರು ಹೆಮ್ಮೆಗೆ ಹಿಂಡಿ ಹಾಕಿ ಹಾಲು ಕರೆಯುತ್ತಿದ್ದರು. ಬಸ್ ಪ್ರಯಾಣದ ಲೇಖನದಲ್ಲಿ ‘ಹಿರಿಯ ನಾಗರಿಕರಿಗೆ ಹಾಸನ ಬಿಟ್ಟುಕೊಡಿ’ ಎಂದಿತ್ತು. ‘ಹಾಸನ ಬಿಟ್ಕೊಟ್ಟು ನಾವೆಲ್ಲಿಗ್ ಓಗಾನ ಸಾ, ತುಮ್ಕೂರ್‌ಗಾ?’ ಎಂದು ಗುಂಪಿನ ವಾಟ್ಸಾಪಿನಲ್ಲಿ ಯಾರೋ ಹಾಕಿದರು. ಎಲ್ಲರೂ ನಕ್ಕರು. ರಜನೀಶ್ ಸಿಕ್ಕ ಸಿಕ್ಕಿದ್ದನ್ನು ಗಡಿಬಿಡಿಯಲ್ಲಿ ಸರಿಮಾಡುತ್ತ ಹೋದ.

ಕವನಾ ಹೇಳಿದಳು, ‘ಒಂದೊಂದೇ ಯಾಕ್ ತಿದ್ತೀಯ? ಆ ಒಪ್ಸಿದ್ದನ್ನೇ ವಾಪಸ್ ತಗಂಡ್ರೆ ಎಲ್ಲ ಮೊದ್ಲಿನಂಗಾಯ್ತದೆ.’ ಅದು ಒಂದು ಸಾಲಿನ ಆಜ್ಞೆ. ಆ ಕೆಲಸಕ್ಕೆಂದೇ ಅವಳು ಅಷ್ಟು ಭಾನುವಾರ ಕೂತದ್ದು. ಆದರೆ ಷಡಕ್ಷರಿಯವರು ಬಿಡಲಿಲ್ಲ. ತಪ್ಪಾದದ್ದನ್ನು ಮಾತ್ರ ತಿದ್ದಿ, ಒಪ್ಪಾದದ್ದು ಇರಲಿ ಎಂದರು. ಆಮೇಲೆ ತಾವೇ ಪುಟ ಪುಟ ಓದಿ ಭಾಷೆ ‘ಹಸನು’ ಮಾಡತೊಡಗಿದರು.

ಎಮ್ಮೆ ತಪ್ಪಾಗಿದ್ದು ಗೊತ್ತಾಯಿತು, ಹಾಸನ ತಪ್ಪಾಗಿದ್ದು ಗೊತ್ತಾಯಿತು, ಏಕೆಂದರೆ ಅವು ನಗು ಬರಿಸುವಂತಿದ್ದವು. ಸಣ್ಣಕ್ಕನ ಪುಟದಲ್ಲಿ ನಗು ಬರಿಸುವಂಥದು ಏನೂ ಇರಲಿಲ್ಲ. ಕವನಾ ಒಂದು ಮಧ್ಯಾಹ್ನ ನನ್ನನ್ನು ಸೆಂಟರಿಗೆ ಕರೆಸಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ತೆಗೆದ ಸಾಲುಗಳು ಕೆಂಪು, ಸೇರಿಸಿದವು ಹಸಿರು. ಕೆಂಪಿನಲ್ಲಿ ಅಜ್ಜಿಯ ಮಾತು. ಹಸಿರಿನಲ್ಲಿ ಇದು:

‘ಅಣೆಕಟ್ಟೆ ಕಟ್ಟುವ ಮೊದಲು ನಮ್ಮ ಹಟ್ಟಿಯಲ್ಲಿ ಹಕ್ಕಿಗಳನ್ನು ಕಾಣಬೇಕಾದರೆ ಹಬ್ಬದ ಋತು ಬರಬೇಕಿತ್ತು. ದೊಡ್ಡಮನೆಯ ಅಂಗಳದ ತುಂಬ ಹಕ್ಕಿಗಳು ಹರಡಿಕೊಂಡಿರುತ್ತಿದ್ದವು. ನಾವು ಮಕ್ಕಳು ಬೇಲಿಯಾಚೆ ನಿಂತು ನೋಡುತ್ತಿದ್ದೆವು. ಹತ್ತಿರ ಹೋದರೆ ಹಿರಿಯರು ಗದರುತ್ತಿದ್ದರು. ನಾಲೆಯ ನೀರು ಬಂದ ಮೇಲೆ ನಮ್ಮ ಹಟ್ಟಿಗೂ ಹಕ್ಕಿಗಳು ಬಂದವು.’

ರಜನೀಶನ ಆಜ್ಞೆ ಅಕ್ಕಿಯನ್ನು ಹಕ್ಕಿ ಮಾಡಿತ್ತು. ಷಡಕ್ಷರಿಯವರ ಕೈ ಆ ಹಕ್ಕಿಗೆ ತಕ್ಕ ಹಾಗೆ ಉಳಿದದ್ದನ್ನೆಲ್ಲ ಹೊಂದಿಸಿತ್ತು. ಓದಿದರೆ ಚೆನ್ನಾಗಿಯೇ ಇತ್ತು. ಅದೇ ಘೋರ. ಕೆಳಗೆ ಹಾಸನದ ಪಕ್ಷಿಪ್ರಿಯರೊಬ್ಬರು ‘ಅಜ್ಜಿಯ ಮಾತಿನಲ್ಲಿ ಎಂಥ ಪ್ರಕೃತಿಪ್ರೇಮ’ ಎಂದು ಬರೆದಿದ್ದರು.

ಕವನಾ ಆ ಹಸಿರು ಸಾಲಿನ ಮೇಲೆ ಬೆರಳಿಟ್ಟಳು. ‘ಅಸ್ಕಂಡು ಬೇಲಿ ಆಚೆ ನಿಂತಿದ್ದೋಳ್ನ ಪಕ್ಷಿ ನೋಡಕ್ ನಿಂತಿದ್ಲು ಅಂದವ್ರಲ್ಲ ಧನ್ಯಾ. ಇಲ್ಲ್ ನೋಡು, ಹಿರಿಯರು ಗದರುತ್ತಿದ್ದರಂತೆ. ಯಾರೇ ಈ ಹಿರಿಯರು? ನಮ್ಮಜ್ಜಿ ಬೈಯೋರು ಅಂದಿದ್ದು ಆ ಮನೆಯೋರ್ನ. ಮುಟ್ಬುಡ್ತೀರಿ ಓಗ್ರಲೇ ಅಂತ ಬೈತಿದ್ರಂತೆ. ಅವ್ರು ಹಿರಿಯರಾಗ್ಬುಟ್ರಾ?’

ಹೊಟ್ಟೆಗಿಲ್ಲದ್ದನ್ನು ಕಣ್ಣಿಗೆ ಹಬ್ಬವೆಂದು ಬರೆಯುವುದು, ದೂರವಿಟ್ಟದ್ದನ್ನು ಹಿರಿಯರ ಕಾಳಜಿ ಎಂದು ಬರೆಯುವುದು, ಇದಕ್ಕೆ ‘ಭಾಷಾಶುದ್ಧಿ’ ಎಂದು ಟಿಪ್ಪಣಿ ಬೇರೆ.

ಕವನಾ ಹಳೆಯ ಸಾಲುಗಳನ್ನು ಮರಳಿಸಿ, ಬೇರೆ ಕವಲಿನಲ್ಲಿಟ್ಟು, ನಿಯಮದಂತೆ ಒಪ್ಪಿಗೆಗೆ ಕಳಿಸಿದಳು. ಟಿಪ್ಪಣಿಯಲ್ಲಿ ‘ಇದು ತಿನ್ನುವ ಅಕ್ಕಿ’ ಎಂದಷ್ಟೇ ಬರೆದಳು. ಒಪ್ಪಬೇಕಾದವನು ರಜನೀಶ್. ಅವನು ಒಪ್ಪಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೇಳಿದರೆ ‘ಸರ್ ಹೇಳಲಿ’ ಎನ್ನುತ್ತಿದ್ದ. ಅಷ್ಟರಲ್ಲಿ ಜಾಲತಾಣದ ಉದ್ಘಾಟನೆಯ ಆಮಂತ್ರಣ ಅಚ್ಚಾಗಿ ಬಂತು. ಅದರಲ್ಲಿ, ‘ಹಕ್ಕಿಯಜ್ಜಿ ಶ್ರೀಮತಿ ಸಣ್ಣಕ್ಕನವರಿಗೆ ಸನ್ಮಾನ’.

ನಾವಿಬ್ಬರೂ ಹಾಸನಕ್ಕೆ ಓಡಿದೆವು. ಬಳಗದ ಕೋಣೆಯಲ್ಲಿ ಷಡಕ್ಷರಿಯವರೂ ರಜನೀಶನೂ ಆಮಂತ್ರಣಗಳನ್ನು ಲಕೋಟೆಗೆ ತುಂಬುತ್ತಿದ್ದರು.

‘ಸಾ, ನಮ್ಮಜ್ಜಿ ಹಕ್ಕಿ ವಿಷಯ ಮಾತಾಡೇ ಇಲ್ಲ,’ ಎಂದಳು ಕವನಾ. ಅಲ್ಲಿ ಅವಳು ಹಕಾರವನ್ನು ಬೇಕೆಂದೇ ಒತ್ತಿ ಅಂದಳು. ‘ಅದು ಅನ್ನದ ಅಕ್ಕಿ.’

‘ನಿನಗೆ ಹೇಗೆ ಗೊತ್ತಮ್ಮ? ರೆಕಾರ್ಡಿಂಗಿನಲ್ಲಿ ಏನಿದೆ?’

‘ಅಕ್ಕಿ ಅಂತ್ಲೇ ಐತೆ.’

‘ಅಲ್ಲವೇ ಮತ್ತೆ? ನಿಮ್ಮ ಕಡೆ ಹಕ್ಕಿಗೂ ಅದನ್ನೇ ಅನ್ನೋದು. ನಾಲೆ ಬಂದ ಮೇಲೆ ಹಕ್ಕಿ ಬಂದದ್ದು ನಿಜ ತಾನೆ? ನೀರಿದ್ದಲ್ಲಿ ಹಕ್ಕಿ ಬರುತ್ತೆ.’

‘ನೀರಿದ್ದಲ್ಲಿ ಭತ್ತನೂ ಬರ್ತದೆ ಸಾ.’

ಷಡಕ್ಷರಿಯವರು ಲಕೋಟೆ ಕೆಳಗಿಟ್ಟರು. ‘ನೋಡು ಕವನಾ, ನಾನು ನಿನ್ನ ವಯಸ್ಸಿನಲ್ಲಿ ಮೈಸೂರಿಗೆ ಓದಲು ಹೋದಾಗ ಒಂದು ಹಕಾರಕ್ಕೆ ಇಡೀ ಹಾಸ್ಟೆಲ್ ನಕ್ಕಿತ್ತು. ಆ ನಗು ನಮ್ಮ ಮಕ್ಕಳಿಗೆ ಬೇಡ ಅಂತಲೇ ಜೀವಮಾನ ಪೂರ್ತಿ ತಿದ್ದಿದ್ದೀನಿ. ಈಗ ಜಗತ್ತೆಲ್ಲ ನೋಡುವ ಕಡೆ ನಾವೇ ತಪ್ಪು ಕನ್ನಡ ಹಾಕಿದರೆ?’

ಅವರ ನೋವು ಸುಳ್ಳಲ್ಲ ಎಂದು ನನಗೆ ಗೊತ್ತು. ಆದರೆ ತನ್ನನ್ನು ನೋಡಿ ನಕ್ಕವರ ಮಾತನ್ನು ಒಪ್ಪಿಕೊಂಡು, ಅದೇ ಕತ್ತರಿ ಹಿಡಿದು, ಮಾತು ಬಿಟ್ಟರೆ ಬೇರೇನೂ ಇಲ್ಲದ ಮುದುಕಿಯ ನಾಲಿಗೆ ಕತ್ತರಿಸಲು ಬರುವುದು ಯಾವ ನ್ಯಾಯ?

‘ಅದು ತಪ್ಪು ಕನ್ನಡ ಅಲ್ಲ ಸಾ, ನಮ್ಮಜ್ಜಿ ಕನ್ನಡ,’ ಎಂದಳು ಕವನಾ. ‘ಅರ್ಥ ಆಗ್ದೋರ್ಗೆ ಕೆಳಗೆ ಬೇಕಾದ್ರೆ ಬರ್ಯಾನ. ಮ್ಯಾಲಿರದು ಅವ್ರ್ ಆಡಿದ್ದೇ ಇರ್ಲಿ.’

‘ಕಾರ್ಯಕ್ರಮ ಮುಗೀಲಿ. ಆಮೇಲೆ ನೋಡೋಣ. ಪಕ್ಷಿ ಬಳಗದವರು ಬರ್ತಿದ್ದಾರೆ, ಶಾಲು ತಂದಾಗಿದೆ.’

‘ಆಡ್ದಿರೋ ಮಾತ್ಗೆ ಶಾಲಾ?’

‘ಏನ್ ಯೋಳ್ತಿದ್ದೀಯ ನೀನು?’ ಷಡಕ್ಷರಿಯವರಿಗೆ ಸಿಟ್ಟು ಬಂತು. ‘ಓಗಿ ಕೇಳು ನಿಮ್ಮಜ್ಜೀನ. ನಾನೇ ಪೋನ್ ಮಾಡಿದ್ದೆ. ಅವ್ರೇ ಒಪ್ಕಂಡವ್ರೆ.’

ಸಿಟ್ಟಿನಲ್ಲಿ ಅವರ ಹಕಾರಗಳೆಲ್ಲ ಬಿದ್ದುಹೋಗಿದ್ದವು. ನಾನು ಕವನಾಳ ಮುಖ ನೋಡಿದೆ. ಅವಳು ಅದನ್ನು ಹಿಡಿದು ಆಡಲಿಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ‘ಬಾ’ ಎಂದಳು.

ಅಲ್ಲಿಂದ ನೇರ ಗೊರೂರು ಬಸ್ಸು ಹತ್ತಿದೆವು. ಸಣ್ಣಕ್ಕ ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

‘ಅಜ್ಜಿ, ಮೇಷ್ಟ್ರು ಪೋನ್ ಮಾಡಿದ್ರಾ?’

‘ಊ ಕಣವ್ವ. ನಿಮ್ಮಪ್ಪುನ್ ಪೋನ್ಗೆ. ಭಾಳ ಮರ್ಯಾದೆಯಿಂದ ಮಾತಾಡುದ್ರು.’

‘ಏನ್ ಕೇಳುದ್ರು?’

‘ಅಕ್ಕಿ ಇಸ್ಯ ನೀವೇ ಯೋಳಿದ್ದಾ ಅಂದ್ರು. ಊ ಸಾ, ನಾನೇ ಯೋಳಿದ್ದು ಅಂದೆ. ಅಕ್ಕಿ ಅಂದ್ರೆ ನಿಮ್ಗೆ ಅಷ್ಟಿಷ್ಟವಾ ಅಂದ್ರು. ಯಾರ್ಗ್ ಇಷ್ಟ ಇಲ್ಲ ಸಾ, ಅದ್ ಕಾಣ್ದೇ ಬೆಳ್ದೋರು ನಾವು ಅಂದೆ. ಭಾಳ ಕುಸಿಯಾದ್ರು. ಮೈಗೆ ಸಾಲು ಒದುಸ್ತಾರಂತೆ.’

ಕವನಾ ನಕ್ಕುಬಿಟ್ಟಳು, ನಗುತ್ತಲೇ ಕೂತಳು. ಮೇಷ್ಟ್ರು ಒತ್ತಿ ಒತ್ತಿ ಹಕಾರ ಹಚ್ಚಿ ಕೇಳಿದ್ದರು. ಈ ಕಿವಿಗೆ ಅದು ಉಸಿರಿಗಿಂತ ಹೆಚ್ಚೇನೂ ಆಗಿರಲಿಲ್ಲ. ಆಮೇಲೆ ಅವಳು ಫೋನ್ ತೆಗೆದು, ಹೊಸ ಸಾಲುಗಳನ್ನು ಓದಿದಳು. ಹಕ್ಕಿ ಅಂದರೆ ಹಾರುವ ಹಕ್ಕಿ ಎಂದು ಬಿಡಿಸಿ ಹೇಳಿದಳು.

ಸಣ್ಣಕ್ಕನ ಕೈ ನಿಂತಿತು. ‘ಅಕ್ಕಿ ನೋಡಕ್ ಬೇಲಿ ತಾವ ಯಾಕವ್ವ ನಿಂತ್ಕಬೇಕು? ನಮ್ ಸೂರಿನ್ ಮ್ಯಾಲೇ ಕುಂತಿರ್ತಿದ್ವು.’

‘ಅವ್ರಿಗ್ ಅಂಗ್ ಅನ್ಸೈತೆ.’

‘ಬೈಯೋರು ಅಂದಿದ್ದು?’

‘ಹಿರಿಯರು ಅಂತ ಮಾಡವ್ರೆ.’

ಅಜ್ಜಿ ಕಾಯಿಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಆಮೇಲೆ ನನ್ನ ಕಡೆ ನೋಡಿ, ‘ನನ್ ಮಾತು ಅಷ್ಟ್ ಕೆಟ್ಟದಾಗಿತ್ತಾ ಮಗ?’ ಎಂದು ಕೇಳಿದರು.

ನಾನು ಇಲ್ಲ ಎಂದೆ. ಅಕ್ಕಿ ಹರವುತ್ತಿದ್ದ ಅಂಥ ಅಂಗಳ ನನ್ನ ತಾತನ ಮನೆಗೂ ಇತ್ತು. ನನ್ನ ಇಲ್ಲ ಅವರಿಗೆ ಎಷ್ಟು ಮುಟ್ಟಿತೋ ತಿಳಿಯದು.

‘ತಗ್ದಾಕ್ಬುಡವ್ವ ಅದ್ನೆಲ್ಲ,’ ಎಂದರು ಮೊಮ್ಮಗಳಿಗೆ. ‘ಸಾಲೂ ಬ್ಯಾಡ, ಪೋನ್ನಾಗ್ ಕುಂಡ್ರುಸೋದೂ ಬ್ಯಾಡ. ಇನ್ ನಾನೇನೂ ಯೋಳಕಿಲ್ಲ.’

ಕವನಾಳನ್ನು ಹೆಚ್ಚು ಸುಟ್ಟದ್ದು ಇದು. ಹಕಾರ ಹೋದರೆ ಹೋಗಲಿ, ಪುಟ ಹೋದರೂ ಹೋಗಲಿ. ಹೇಳುವವರೇ ಬಾಯಿ ಮುಚ್ಚಿದರು. ಅವಳು ಮುಂದಿನ ವಾರ ಊರಿಗೆ ಹೋದಾಗ ಫೋನ್ ಮುಂದಿಟ್ಟರೆ ಸಣ್ಣಕ್ಕ ಎದ್ದು ದನದ ಕಡೆ ಹೋದರಂತೆ.

ರಜನೀಶ್ ಸೆಂಟರಿಗೆ ಬಂದ. ಅವನಿಗೆ ತಪ್ಪು ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಕೇಳಲು ಬಂದದ್ದು ಬೇರೆ. ಉದ್ಘಾಟನೆಯ ದಿನ ಪರದೆಯ ಮೇಲೆ ಜಾಲತಾಣ ತೋರಿಸಬೇಕು, ಯಾರಾದರೂ ಹಿಂದಿನ ಬದಲಾವಣೆಗಳನ್ನು ತೆರೆದು ನೋಡಿದರೆ ಕೆಂಪು ಸಾಲುಗಳೆಲ್ಲ ಕಾಣುತ್ತವೆ.

‘ಹಳೇದನ್ನೆಲ್ಲ ಅಳಿಸಿ, ಈಗಿರೋದನ್ನೇ ಒಂದೇ ಸಲ ಒಪ್ಪಿಸಿದ ಹಾಗೆ ಮಾಡೋಣ ಕವನಾ. ನೋಡೋರಿಗೆ ಕ್ಲೀನಾಗಿರುತ್ತೆ.’

‘ಅಂದ್ರೆ ನಮ್ಮಜ್ಜಿ ಮೊದ್ಲಿಂದ್ಲೂ ಹಕ್ಕಿ ಅಂತ್ಲೇ ಅಂದಂಗಾಯ್ತದೆ.’

‘ಯಾರು ನೋಡ್ತಾರೆ ಅದನ್ನ.’

‘ಯಾರೂ ನೋಡಲ್ಲ ಅಂದ್ರೆ ಯಾಕ್ ಅಳುಸ್ತೀಯ?’

‘ಸರ್ ನನಗೆ ಕೆಲಸ ಕೊಡಿಸಿದ್ದಾರೆ ಕವನಾ, ನನ್ನ ಕಷ್ಟ ನಿನಗೆ ಗೊತ್ತಾಗಲ್ಲ,’ ಎಂದ. ಕೂಲಿಯವರ ಮಗಳಿಗೆ ಕಷ್ಟ ಗೊತ್ತಾಗುವುದಿಲ್ಲ ಎಂದು ಹೇಳಿ ಎದ್ದುಹೋದ. ಆ ಸಂಜೆಯೇ ಕವನಾಳ ಅಧಿಕಾರ ತೆಗೆದುಹಾಕಿದ. ಹಿಂದಿನ ಬದಲಾವಣೆಗಳನ್ನೆಲ್ಲ ಅಳಿಸಿ ಒಂದೇ ಒಪ್ಪಿಸುವಿಕೆ ಮಾಡಿದ. ಅದರ ಜೊತೆ, ಪ್ರತಿ ಪುಟವನ್ನು ಯಾರು ಕಟ್ಟಿದರು ಎಂಬ ಗುರುತೂ ಹೋಯಿತು. ಟಿಪ್ಪಣಿ, ‘ನಾಲ್ಕೂರು ಬಳಗ – ಶುಭಾರಂಭ’.

ಉದ್ಘಾಟನೆಗೆ ನಾನು ಹೋಗಿದ್ದೆ, ಏನು ಮಾಡುತ್ತಾರೋ ನೋಡೋಣ ಎಂದು. ವೇದಿಕೆಯ ಮೇಲೆ ಸಣ್ಣಕ್ಕನ ಸಾಲುಗಳನ್ನು ಒಬ್ಬ ಹುಡುಗಿ ರಾಗವಾಗಿ ಓದಿದಳು. ಜನ ಚಪ್ಪಾಳೆ ತಟ್ಟಿದರು. ‘ಅನಾರೋಗ್ಯದ ಕಾರಣ ಹಕ್ಕಿಯಜ್ಜಿ ಬರಲಾಗಿಲ್ಲ’ ಎಂದು ಘೋಷಿಸಿದರು. ಅನಾರೋಗ್ಯವಂತೆ. ಆ ಹೊತ್ತಿಗೆ ಸಣ್ಣಕ್ಕ ಗದ್ದೆಯಲ್ಲಿ ಕಳೆ ಕೀಳುತ್ತಿದ್ದರು. ನಾನು ಎದ್ದು, ಅವರು ಆರೋಗ್ಯವಾಗಿದ್ದಾರೆ, ಬರಲು ಒಪ್ಪಲಿಲ್ಲ, ಅವರು ಹೇಳಿದ್ದು ಹಕ್ಕಿಯಲ್ಲ ಎಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಮೈಕಿನವರು ವಂದನಾರ್ಪಣೆ ಶುರುಮಾಡಿದರು.

ರಜನೀಶ್ ಮರೆತದ್ದು ಒಂದಿತ್ತು. ಗಿಟ್‌ನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಬರಹದ ಪೂರ್ತಿ ಪ್ರತಿ ಇರುತ್ತದೆ, ಹಿಂದಿನ ಬದಲಾವಣೆಗಳ ಸಮೇತ. ಅವನು ಅಳಿಸಿದ್ದು ಬಳಗದ ಪ್ರತಿಯಿಂದ. ಕವನಾಳ ಹತ್ತಿರ ಎಲ್ಲವೂ ಇತ್ತು, ನನ್ನ ಹತ್ತಿರವೂ ಇತ್ತು. ಇದು ಯಾವ ಗುಟ್ಟೂ ಅಲ್ಲ, ಮೊದಲ ಸಭೆಯಲ್ಲೇ ಅವಳು ಎಲ್ಲರಿಗೂ ಹೇಳಿದ್ದಳು. ಕೇಳಿಸಿಕೊಂಡವರು ಯಾರು?

ಬಳಗದವರ ಬರಹಗಳನ್ನು ಅವಳು ಮುಟ್ಟಲಿಲ್ಲ. ಅವು ಅವರವರವು. ಸಣ್ಣಕ್ಕನ ಪುಟವನ್ನು ಮಾತ್ರ ತೆಗೆದುಕೊಂಡು ಹೊಸ ಜಾಲತಾಣ ಹೂಡಿದಳು. ನಾನು ನನ್ನ ಲೇಖನಗಳನ್ನು ಬಳಗದಿಂದ ತೆಗೆದು ಅಲ್ಲಿಗೆ ತಂದೆ. ಎಮ್ಮೆಯ ಮೇಷ್ಟ್ರ ಬಗ್ಗೆ ಬರೆದಿದ್ದ ಅರಕಲಗೂಡಿನವರೂ ಬಂದರು, ‘ನಂದೊಂದ್ ಇರ್ಲಿ, ಆದ್ರೆ ಆ ಎಮ್ಮೆನ ಮಾತ್ರ ನಾನೇ ತಿದ್ಕೊಡ್ತೀನಿ ಕಣಮ್ಮ,’ ಎಂದು. ಹೊಸ ಕಡೆ ನಿಯಮ ಒಂದು ಹೆಚ್ಚಾಯಿತು: ಒಬ್ಬರ ಬಾಯಿಮಾತಿನ ಒಂದು ಅಕ್ಷರ ತಿದ್ದಬೇಕಾದರೂ ಆಡಿದವರಿಗೆ ಓದಿ ಹೇಳಿ ಅವರ ಒಪ್ಪಿಗೆ ಪಡೆಯಬೇಕು. ಅಧ್ಯಕ್ಷರಾದರೂ ಸರಿ, ಕವನಾ ಆದರೂ ಸರಿ.

ಬಳಗದ ಜಾಲತಾಣದಲ್ಲಿ ಹಕ್ಕಿಗಳು ಈಗಲೂ ಇವೆ. ನೋಡುವವರು ಅಲ್ಲಿಗೇ ಹೆಚ್ಚು ಹೋಗುತ್ತಾರೆ, ಅದನ್ನೂ ಮುಚ್ಚಿಡುವುದಿಲ್ಲ. ತೆಗೆಯಿರಿ ಎಂದು ಕವನಾ ಬರೆದದ್ದಕ್ಕೆ ಉತ್ತರ ಬಂದಿಲ್ಲ. ಅವಳು ತಿಂಗಳು ತಿಂಗಳೂ ಬರೆಯುತ್ತಿದ್ದಾಳೆ.

ಸಣ್ಣಕ್ಕ ಬಹಳ ಕಾಲ ಬಾಯಿ ಬಿಡಲಿಲ್ಲ. ಕವನಾ ಒತ್ತಾಯ ಮಾಡಲಿಲ್ಲ. ಊರಿಗೆ ಹೋದಾಗ ಹೊಸ ಪುಟ ತೆರೆದು ಅಜ್ಜಿಯ ಹಳೆಯ ಮಾತನ್ನೇ ಅವರಿಗೆ ಓದಿ ಹೇಳುತ್ತಿದ್ದಳು, ಅಷ್ಟೆ. ಒಮ್ಮೆ ನಾನೂ ಜೊತೆಗಿದ್ದೆ. ಓದು ಮುಗಿದ ಮೇಲೆ ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ‘ಆ ಡ್ಯಾಮ್ ಕೆಲಸ್ದಾಗೆ ಒಬ್ಬ ಮೇಸ್ತ್ರಿ ಇದ್ದ,’ ಎಂದು ತಾವಾಗಿಯೇ ಶುರುಮಾಡಿದರು. ಕವನಾ ಮೆಲ್ಲಗೆ ಫೋನ್ ಒತ್ತಿದಳು. ಮೇಸ್ತ್ರಿಯ ಜಿಪುಣತನ, ಅವನ ಛತ್ರಿ, ಹೆಂಗಸರು ಅವನಿಗೆ ಇಟ್ಟಿದ್ದ ಅಡ್ಡಹೆಸರು ಎಲ್ಲ ಬಂದವು.

‘ಅವತ್ತು ಅವ್ನ್ ನಂಗೆ ಆಲು ಕೊಡ್ತೀನಿ ಬಾ ಅಂದ,’ ಎಂದವರು ತಟ್ಟನೆ ನಿಂತು ಫೋನಿನ ಕಡೆ ಬಗ್ಗಿದರು. ‘ಆಲು ಅಂದ್ರೆ ಕುಡ್ಯೋ ಆಲು. ಆಲದ್ ಮರ ಅಲ್ಲ. ಬರ್ಕ.’

‘ಗೊತ್ತಾಯ್ತದೆ ಬುಡಜ್ಜಿ, ಅದ್ನೆಲ್ಲ ಯೋಳ್ಬೇಕಿಲ್ಲ,’ ಎಂದಳು ಕವನಾ.

‘ನಿಂಗ್ ಗೊತ್ತಾಯ್ತದೆ,’ ಎಂದರು ಸಣ್ಣಕ್ಕ. ‘ಓದಿದೋರ್ ಕೈಗ್ ಸಿಕ್ತದಲ್ಲ ಅದು. ಬರ್ಕ.’

ಕವನಾ ಅದನ್ನು ಹಾಗೆಯೇ ಬರೆದುಕೊಂಡಿದ್ದಾಳೆ.